ನಲವತ್ತು ನಿಮಿಷದ ಚೀಟಿ

"ರೀ, ನಿಲ್ಸಿ! ಅಲ್ಲಿ ಯಾರೋ ಬಿದ್ದಿದಾರೆ!"

ಗಂಡ ಬ್ರೇಕಿನ ಮೇಲೆ ಕಾಲಿಡಲಿಲ್ಲ. ಒಮ್ಮೆ ಕೈಗಡಿಯಾರ ನೋಡಿಕೊಂಡ, ಅಷ್ಟೆ. ಅವನು ಗಡಿಯಾರ ರಿಪೇರಿಯವನು. ಯಾರು ಕೂಗಲಿ, ಯಾರು ಸೀನಲಿ, ಮೊದಲು ಗಂಟೆ ನೋಡಬೇಕು. ಮಗಳು ಹುಟ್ಟಿದ ದಿನ ಮಗುವಿನ ಮುಖಕ್ಕಿಂತ ಮೊದಲು ಆಸ್ಪತ್ರೆಯ ಗೋಡೆ ಗಡಿಯಾರ ನೋಡಿದ್ದನೆಂದು ಹೆಂಡತಿ ಈಗಲೂ ಹಂಗಿಸುತ್ತಾಳೆ.

"ಯಾರೂ ಇಲ್ಲ. ಮರದ ದಿಮ್ಮಿ ಅದು."

"ದಿಮ್ಮಿ ಕೈ ಆಡ್ಸುತ್ತಾ? ಬೈಕೂ ಬಿದ್ದಿತ್ತು ಚರಂಡೀಲಿ, ನಾನೇ ನೋಡ್ದೆ!"

"ಕಾಡಲ್ಲಿ ಗಾಡಿಯಿಂದ ಇಳೀಬಾರ್ದು ಅಂತ ಬೋರ್ಡ್ ಹಾಕಿದಾರಲ್ಲ. ಊರ ಉಸಾಬರಿ ನಮಗ್ಯಾಕೆ? ಹಿಂದೆ ಬರೋರು ನೋಡ್ಕೋತಾರೆ ಬಿಡು."

ಕನ್ನಡಿಯಲ್ಲಿ ನೋಡಿದರೆ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳ ತೊಡೆಯ ಮೇಲೆ ಕಾಡಿನ ಗೇಟಿನವರು ಒಳಬಿಟ್ಟ ಗಂಟೆ ಬರೆದು ಮೊಹರು ಒತ್ತಿ ಕೊಟ್ಟ ಚೀಟಿಯಿತ್ತು. ಕಾಡಿನ ರಸ್ತೆಯನ್ನು ನಲವತ್ತು ನಿಮಿಷದಲ್ಲಿ ದಾಟಬೇಕು; ತಡವಾದರೆ ಎಲ್ಲೋ ಇಳಿದಿದ್ದಾರೆಂದು ಲೆಕ್ಕ, ದಂಡ. ಜಿಂಕೆಗಳ ಹಿಂಡೊಂದು ರಸ್ತೆ ದಾಟುವಷ್ಟರಲ್ಲಿ ಆಗಲೇ ಒಂದಷ್ಟು ನಿಮಿಷ ಕೈತಪ್ಪಿತ್ತು. ದಂಡ ಕಟ್ಟಿದರೆ ಮನೆ ಸೇರುವ ಪೆಟ್ರೋಲಿಗೇ ಕತ್ತರಿ.

ಮದುವೆಯಾದ ಹನ್ನೊಂದು ವರ್ಷದಲ್ಲಿ ಇದು ಅವರ ಮೊದಲ ಪ್ರವಾಸ. ಮಗಳನ್ನು ಅಜ್ಜಿಯ ಬಳಿ ಬಿಟ್ಟು ಮೂರು ದಿನ ಕಡಲ ದಂಡೆಯ ಊರೂರು ಸುತ್ತಿದ್ದರು. ಕಾರಿನಲ್ಲೇ ನಿದ್ದೆ, ಬಸ್ ನಿಲ್ದಾಣದಲ್ಲಿ ಸ್ನಾನ, ಡಿಕ್ಕಿಯಲ್ಲಿಟ್ಟ ಸಣ್ಣ ಒಲೆಯಲ್ಲಿ ಅಡುಗೆ. ಅವಳು ಚಿಕ್ಕ ಹುಡುಗಿಯ ಹಾಗೆ ಅಲೆಗೆ ಕಾಲು ಕೊಟ್ಟು ನಿಂತಿದ್ದಳು. ಆ ಸುಖವನ್ನು ಈಗ ಕೆಡಿಸಿಕೊಳ್ಳಲು ಅವಳಿಗೂ ಮನಸ್ಸಿರಲಿಲ್ಲ, ಅದೇ ನಾಚಿಕೆಗೇಡು. ದಿಮ್ಮಿಯೇ ಇರಬೇಕು ಎಂದುಕೊಂಡಳು. ಆದರೆ ದಿಮ್ಮಿಗೆ ನೀಲಿ ಅಂಗಿ ಯಾರು ತೊಡಿಸಿದರು?

ಆಚೆ ಗೇಟಿನ ಕಾವಲುಗಾರ ಚೀಟಿಯನ್ನು ಎರಡು ಸಲ ನೋಡಿದ.

"ಸರಿಯಾಗಿ ನಲವತ್ತು ನಿಮಿಷ! ನಿಮ್ಮಂಥೋರು ಸಿಗೋದೇ ಅಪರೂಪ ಸಾರ್." ಮೊಹರು ಒತ್ತಿ, ಅವರು ಬಂದ ದಾರಿಯತ್ತ ಕತ್ತು ಚಾಚಿದ. "ದಾರೀಲಿ ಬೈಕ್ ಏನಾದ್ರೂ ಕಾಣಿಸ್ತಾ? ನನ್ನ ತಮ್ಮ. ಅವ್ನಿಗೆ ಆ ಗೇಟಲ್ಲಿ ಡ್ಯೂಟಿ. ಮುಗಿಸ್ಕೊಂಡು ಹೊರಟವನು ಇನ್ನೂ ಬಂದಿಲ್ಲ. ಇಲ್ಲಿ ಫೋನೂ ಹತ್ತಲ್ಲ."

"ಇಲ್ಲಪ್ಪ, ನಾವೇನೂ ನೋಡ್ಲಿಲ್ಲ," ಎಂದ ಗಂಡ, ಗೇರು ಹಾಕುತ್ತ.

ಅವಳು ಗೇರಿನ ಮೇಲಿದ್ದ ಗಂಡನ ಕೈ ಹಿಡಿದಳು. "ನೀಲಿ ಅಂಗೀನಾ?"

ಕಾವಲುಗಾರ ಬಗ್ಗಿ ಕಿಟಕಿಯೊಳಗೆ ಮುಖ ತೂರಿಸಿದ. "ಹೌದಮ್ಮ. ಎಲ್ಲಿ ನೋಡಿದ್ರಿ?"

"ಏಳನೇ ಕಲ್ಲಿನ ಹತ್ರ. ಬಿದ್ದಿದ್ರು. ಕೈ... ಕೈ ಆಡಿಸ್ತಾ ಇದ್ರು."

ಅವನು ಬೈಯಲಿಲ್ಲ, ಬೈದಿದ್ದರೆ ಅವಳಿಗೆ ಒಂದಿಷ್ಟು ಹಗುರವಾಗುತ್ತಿತ್ತು. ಜೀಪು ತರುವಂತೆ ಯಾರಿಗೋ ಕೂಗಿ, ಮತ್ತೆ ಅವಳತ್ತ ತಿರುಗಿದ.

"ಎಷ್ಟು ಹೊತ್ತಾಯ್ತಮ್ಮ, ನೀವು ನೋಡಿ?"

ಪಕ್ಕದಲ್ಲಿ ಗಂಡ, ಅಂಗಡಿಯಲ್ಲಿ ಗಿರಾಕಿ ಟೈಮು ಕೇಳಿದಾಗ ಮಾಡುವಂತೆ, ಮಣಿಕಟ್ಟು ತಿರುಗಿಸಿ ನೋಡಿದ.

"ಇಪ್ಪತ್ತೇಳು ನಿಮಿಷ," ಎಂದ.