ಶಾಂಭವಿಯ ಬಾಗಿಲು

ಹುಬ್ಬಳ್ಳಿಯ ಬಾಗಿಲುಗಳೆಲ್ಲ ಮನುಷ್ಯರ ದನಿಗಷ್ಟೇ ತೆರೆಯುತ್ತಿದ್ದ ಕಾಲವದು. ಆಟಿಸಂ ಇದ್ದ ಶಾಂಭವಿಗೆ ಬಾಯಿಮಾತು ಬರುತ್ತಿರಲಿಲ್ಲ. ಟ್ಯಾಬ್ಲೆಟ್‌ನಲ್ಲಿ ಅಕ್ಷರ ಒತ್ತಿ ಮಾತಾಡುತ್ತಿದ್ದಳು. ಆ ದನಿಯನ್ನು ಬಾಗಿಲುಗಳು ಒಪ್ಪುತ್ತಿರಲಿಲ್ಲ. ಹೀಗಾಗಿ ಅವಳು ಒಬ್ಬಳೇ ಇರಲು ಹಿಡಿದ ಮನೆಗೂ ಅಣ್ಣ ಈರಣ್ಣನ ದನಿಯೇ ಕೀಲಿಯಾಗಿತ್ತು. ಅವನು ಬಂದರಷ್ಟೇ ಅವಳು ಹೊರಗೆ ಹೋಗಬಹುದಿತ್ತು.

ಒಂದು ಬೆಳಿಗ್ಗೆ ಅವಳು ಸ್ಕ್ರೂಡ್ರೈವರ್ ಹಿಡಿದು ಬಾಗಿಲಿನ ದನಿ-ಬೀಗವನ್ನು ಮೈಕ್ ಸಮೇತ ಕಿತ್ತು, ಒಳಗೆ ಚಿಲಕ ಜಡಿದಳು.

ಸಂಜೆ ಈರಣ್ಣ ಬಂದು "ತೆರೆ" ಎಂದ. ಬಾಗಿಲು ಅಲುಗಲಿಲ್ಲ.

"ಶಾಂಭವೀ, ಏನಾತು ಇದಕ್ಕ?"

"ಮೈಕ್ ನಾನ ಕಿತ್ತೀನಿ," ಒಳಗಿನಿಂದ ಟ್ಯಾಬ್ಲೆಟ್ ನುಡಿಯಿತು. "ಇನ್ನ ಬಾಗಲಾ ಬಡಿ. ತೆಗೀಬೇಕೋ ಬ್ಯಾಡೋ ನಾ ಹೇಳ್ತೀನಿ."

"ನಿನಗೇನರ ಆದ್ರ?"

"ನಾನ ಕರೀತೀನಿ."

ಈರಣ್ಣ ಮೆಲ್ಲಗೆ ಬಾಗಿಲು ಬಡಿದ.

"ಇವತ್ತ ಬ್ಯಾಡ. ನಾಳೆ ಬಾ," ಎಂದಳು ಶಾಂಭವಿ.