ಆಷಾಢದ ಅಲೆ

ಮೊಣಕಾಲೆತ್ತರದ ಅಲೆಯೊಂದು ಉದ್ದನೆಯ ಸರ್ಫಿಂಗ್ ಹಲಗೆಯನ್ನು ಮೆಲ್ಲಗೆ ಎತ್ತಿದ್ದೇ ತಡ, ದಿವ್ಯ ಅದರ ಮೇಲೆ ಎದ್ದು ನಿಂತಳು. ಮುಲ್ಕಿಯ ಕಡಲಲ್ಲಿ ಕಲಿತದ್ದು ಆಷಾಢದ ಗಾಳಿಗೆ ತೊಣ್ಣೂರು ಕೆರೆಯಲ್ಲೂ ನಡೆಯಿತು. ಹಿಗ್ಗಿನಿಂದ ಹಲಗೆಯ ಮುಂತುದಿಯವರೆಗೆ ನಡೆದು, ದಡದಲ್ಲಿದ್ದ ಅವ್ವನತ್ತ ಕೈಬೀಸಿದಳು. ಅಷ್ಟರಲ್ಲಿ ಕಾಲು ಜಾರಿತು. ಹಲಗೆ ತಿರುಗಿ ಬಂದು ಹಣೆಗೆ ಬಡಿಯಿತು.

ಕಣ್ಣು ಕತ್ತಲಿಟ್ಟಿತು, ಮೂಗಿಗೆ ನೀರು ನುಗ್ಗಿತು. ಯಾರೋ ಜಡೆ ಹಿಡಿದು ಮೇಲೆತ್ತಿದರು. ಅವಳ ಗದ್ದಕ್ಕೆ ಕೈಕೊಟ್ಟು, ಇನ್ನೊಂದು ಕೈಯಲ್ಲಿ ನೀರು ಸೀಳುತ್ತ ದಡಕ್ಕೆ ಎಳೆತಂದರು. ಕೆಮ್ಮುತ್ತ ತಿರುಗಿ ನೋಡಿದರೆ ಅವ್ವ. ತಮ್ಮೂರು ಕ್ಯಾತನಹಳ್ಳಿಯಿಂದ ಇಷ್ಟು ಹತ್ತಿರವಿದ್ದರೂ ಈ ಕೆರೆಯ ಕಡೆ ತಲೆಹಾಕದ, ಇವತ್ತು ಮಗಳ ಬಲವಂತಕ್ಕೆ ಬಂದಿದ್ದ ಅಣ್ಣಮ್ಮ.

“ನಿಂಗೆ ಈಜು ಬತ್ತದಾ ಅವ್ವ?”

ಅಣ್ಣಮ್ಮ ಒದ್ದೆ ಸೆರಗನ್ನು ಹಿಂಡಿ ಮಗಳ ಹಣೆಯ ರಕ್ತಕ್ಕೆ ಒತ್ತಿ ಹಿಡಿದಳು.

“ನಿಮ್ಮಣ್ಣ ಇಲ್ಲಿ ಮುಳುಗ್ದಾಗ ಬತ್ತಿರ್ನಿಲ್ಲ ಕಣವ್ವ. ನೀನು ಹುಟ್ಟಿದ್ಮೇಲೆ ಕಲ್ತೆ.”

ದಿವ್ಯಳಿಗೆ ಕೆಮ್ಮು ನಿಂತೇ ಹೋಯಿತು. ತಾನು ಕಾಣದ ಆ ಅಣ್ಣ ಜ್ವರ ಬಂದು ತೀರಿಕೊಂಡನೆಂದೇ ಮನೆಯವರೆಲ್ಲ ಅವಳಿಗೆ ಹೇಳಿದ್ದರು.