ಹೋಲಿಕೆಯ ತುಂಡು

ಚರ್ಮದ ತುಂಡುಗಳು ಅದಲುಬದಲಾದವೇ? ಹಾಗಾಗಿದ್ದರೆ ಒಳ್ಳೆಯದಿತ್ತು ಎಂದಿತು ಮನಸ್ಸು. ಮರುಕ್ಷಣವೇ ರೋಗಿ ಗೋರಖನಾಥನ ಊದಿದ ಮುಖ ಕಣ್ಣೆದುರು ಬಂತು. ವೈಜಿನಾಥ ತನ್ನ ಯೋಚನೆಗೆ ತಾನೇ ನಾಚಿದ. ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕತ್ತಲ ಕೋಣೆಯಲ್ಲಿ ಸುಮ್ಮನೆ ಕುಳಿತ.

ಎರಡು ಗಾಜು. ಒಂದರಲ್ಲಿ ಹಸಿರು ಗೆರೆ ಹೊಳೆಯುತ್ತಿತ್ತು. ಇನ್ನೊಂದು ಕಪ್ಪು. ಕಪ್ಪಾಗಬಾರದ ಗಾಜೇ ಕಪ್ಪಾಗಿತ್ತು.

ಬೀದರಿನ ಆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ವೈಜಿನಾಥ ಟೆಕ್ನಿಷಿಯನ್. ಔರಾದದ ಗೋರಖನಾಥನ ಎರಡೂ ಕಿಡ್ನಿ ಸೋತಿದ್ದವು; ಕಿವಿಯೂ ಮಂದ. ಹುಟ್ಟಿನಿಂದ ಬಂದ ರೋಗ. ಅವನ ಮೈಯಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ಒಂದು ಬಗೆ ಇರಲಿಲ್ಲ. ಕಿಡ್ನಿ ಕೊಡಲೆಂದು ತಮ್ಮ ಮಚ್ಛೇಂದ್ರ ಪುಣೆಯ ಕಟ್ಟಡದ ಕೆಲಸ ಬಿಟ್ಟು ಬಂದಿದ್ದ. ಆದರೆ ಇಬ್ಬರೂ ಒಂದೇ ತಾಯಿಯ ಮಕ್ಕಳು. ಅದೇ ರೋಗ ತಮ್ಮನಲ್ಲೂ ಅಡಗಿದ್ದರೆ ಅವನ ಕಿಡ್ನಿ ತೆಗೆಯುವಂತಿಲ್ಲ.

ಅದಕ್ಕೇ ಮಚ್ಛೇಂದ್ರನ ತೋಳಿನಿಂದ ಚರ್ಮದ ಚೂರೊಂದನ್ನು ತೆಗೆದಿದ್ದರು. ಅದರ ಮೇಲೆ ಹಾಕುವ ಮೊನೊಕ್ಲೋನಲ್ ಆ್ಯಂಟಿಬಾಡಿ ಆ ಒಂದೇ ಕೊಲಾಜೆನನ್ನು ಹುಡುಕಿಕೊಂಡು ಹೋಗಿ ಅಂಟುತ್ತದೆ. ಅಂಟಿದಲ್ಲಿ ಹಸಿರು ಗೆರೆ. ಕೊಲಾಜೆನ್ ಇಲ್ಲದ ಚರ್ಮದಲ್ಲಿ ಬರೀ ಕತ್ತಲೆ. ಪಕ್ಕದಲ್ಲಿ ರೋಗವಿಲ್ಲದವರ ಚರ್ಮದ ತುಂಡೊಂದನ್ನು ಹೋಲಿಕೆಗೆ ಇಡಲೇಬೇಕು.

ಆ ಹೋಲಿಕೆಯ ತುಂಡು ಯಾವಾಗಲೂ ಖತ್ನಾದಿಂದ ಬರುತ್ತಿತ್ತು. ಗಂಡುಮಕ್ಕಳ ಸುನ್ನತಿಯಲ್ಲಿ ತೆಗೆದ ಚರ್ಮವನ್ನು, ಮನೆಯವರನ್ನು ಕೇಳಿ, ಥಿಯೇಟರಿನ ಸಿಸ್ಟರ್ ಮರಿಯಮಬೀ ಎತ್ತಿಡುತ್ತಿದ್ದಳು. ಕಾರಂಜಾ ಜಲಾಶಯ ಬತ್ತಿದ ಆ ಬೇಸಿಗೆ ಓಣಿಗೆ ಓಣಿಯೇ ಹೈದರಾಬಾದಿಗೋ ಪುಣೆಗೋ ಗುಳೆ ಹೋಗಿತ್ತು. ಖತ್ನಾ ಮಾಡಿಸುವವರೇ ಇರಲಿಲ್ಲ. ವೈಜಿನಾಥ ಹೇಗೋ ಒಂದು ತುಂಡು ಹೊಂದಿಸಿ ಕೆಲಸ ನಡೆಸಿದ್ದ.

ಡಾಕ್ಟರ್ ಅಬ್ದುಲ ಅಜೀಜ ಬಂದು ಎರಡೂ ಗಾಜು ನೋಡಿದರು.

“ಚೀಟಿ ತಪ್ಪಿ ಹಚ್ಚೀದಿ ವೈಜಿನಾಥ. ಕಪ್ಪಾದದ್ದು ತಮ್ಮಂದು. ಪಾಪ, ಇಬ್ಬರೂ ಹೋದಂಗ.”

ಹೊರಗೆ ಜನರೇಟರಿನ ಸದ್ದು. ಡಾಕ್ಟರು ಅದನ್ನೇ ಇನ್ನೊಮ್ಮೆ ಹೇಳಬೇಕಾಯಿತು.

ಹೂಂ ಎಂದಿದ್ದರೆ ಸಾಕಿತ್ತು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

“ಇಲ್ರಿ ಸರ್. ಹೊಳಿಯೋದೇ ಮಚ್ಛೇಂದ್ರಂದ್ರಿ. ಅದರಾಗ ಅನುಮಾನ ಇಲ್ರಿ.”

“ಮತ್ತ ರೋಗ ಇಲ್ಲದವರ ಚಮಡಾ ಕಪ್ಪ ಹ್ಯಾಂಗ ಆಗ್ತದ? ಎಲ್ಲಿಂದ ತಂದೀ ಆ ತುಂಡು?”

“ಕೆಟ್ಟ ತುಂಡ್ರಿ. ನಾ ಅದನ್ನ ಇಡಬಾರದಿತ್ರಿ.”

ಡಾಕ್ಟರು ಅವನ ಮುಖ ನೋಡಿದರು. “ಇನ್ನೊಮ್ಮಿ ಮಾಡು. ಈ ಸಲ ಚೀಟಿ ನಾನೇ ಹಚ್ತೇನಿ.”

ಮರುದಿನ ಅಣ್ಣತಮ್ಮಂದಿರು ಮತ್ತೆ ಬಂದರು. ಮಚ್ಛೇಂದ್ರ ಅಂಗಿ ಕಳಚುತ್ತ ಗೊಣಗಿದ. “ಅಣ್ಣಗ ಕಿಡ್ನಿ ಕೊಡಾಕ ಬಂದ್ರ ನೀವು ತೋಳೇ ಕಡೀಲತೀರಿ. ಅಲ್ಲಿ ಮುಕಾದಮ ಬೈಲತಾನ, ಕೆಲಸಕ್ಕ ಬರ್ತೀಯೋ ಇಲ್ಲೋ ಅಂತ.”

ಗೋರಖನಾಥನಿಗೆ ಬೇರೆಯೇ ಚಿಂತೆ. “ಸಾಹೇಬ್ರ, ನನ್ನ ಮಗಳಿಗೂ ಬರ್ತದೇನ್ರಿ ಇದು?”

ಡಾಕ್ಟರು ಅವನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು. “ಅಪ್ಪಂದು ಗಂಡಮಕ್ಕಳಿಗಿ ಬರಲ್ಲ. ಹೆಣ್ಣಮಕ್ಕಳಿಗಿ ಒಬ್ಬಾಕಿಗೂ ಬಿಡಲ್ಲ. ಸಣ್ಣಾಕಿ ಇದ್ದಾಗೇ ತೋರಸು. ಗುಳಿಗಿ ಅವ, ಕಿಡ್ನಿ ಭಾಳ ವರ್ಷ ಬಾಳ್ತದ. ಮುಚ್ಚಿಟ್ಟರ ನಿನ್ನಂಗ ಆಗ್ತದ.”

ಸಿರಿಂಜು ತುಂಬುತ್ತಿದ್ದ ವೈಜಿನಾಥನ ಕೈ ಅಲ್ಲೇ ನಿಂತಿತು.

“ಏನ ಭೈಯಾ, ನಿದ್ದಿ ಹತ್ತೇತೇನು?” ಎಂದಳು ಮರಿಯಮಬೀ. ಕೈಯಲ್ಲಿ ಪುಟ್ಟ ಡಬ್ಬಿ. “ತಗೋರಿ. ಪುಣೆಯಿಂದ ಒಂದು ಮನಿಯವರು ತಿರುಗಿ ಬಂದಾರ, ಮುಂಜಾನೆ ಹುಡುಗಂದು ಖತ್ನಾ ಆತು. ನಿಮ್ಮ ನಸೀಬ ಚಲೋ ಅದ.” ಆಮೇಲೆ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಇಂಥ ಬಿಸಿಲಾಗ ಫುಲ್ ತೋಳಿನ ಅಂಗಿ? ಮದುವಿಗಿ ಹೊಂಟೀರೇನು?”

ಅವನು ನಕ್ಕಂತೆ ಮಾಡಿ ಡಬ್ಬಿ ತೆಗೆದುಕೊಂಡ.

ಈ ಸಲ ಎರಡೂ ಗಾಜಿನಲ್ಲಿ ಹಸಿರು ಗೆರೆ, ಎಲ್ಲೂ ಕಡಿಯದೆ ಹೊಳೆಯಿತು.

“ಶಾಬಾಸ್,” ಎಂದರು ಡಾಕ್ಟರು. “ತಮ್ಮ ಪಾಸ್. ನೀ ಹೇಳಿದ್ದೇ ಖರೆ, ಲಫಡಾ ಆ ಹಳೇ ತುಂಡಿಂದು. ಅಂಥಾದ್ದು ಇನ್ನೊಮ್ಮಿ ಇಡಬ್ಯಾಡ.”

“ಇಡಂಗಿಲ್ರಿ ಸರ್.”

ಹೊರಗಿನ ಬೆಂಚಿನ ಮೇಲೆ ಮಚ್ಛೇಂದ್ರ ಅಣ್ಣನ ಭುಜ ಹಿಡಿದು ಅಲುಗಾಡಿಸುತ್ತಿದ್ದ. “ಏ ಕಿವುಡಾ, ನಂದು ನಡೀತದಂತ! ಕೇಳ್ತೇನು?”

“ಕೇಳ್ತೋ ಮಾರಾಯಾ. ಕಿಡ್ನಿ ಕೊಡು, ಅದರ ಜೋಡಿ ಬೈಗುಳ ಯಾಕ?” ಎಂದ ಗೋರಖನಾಥ. ಅಂದವನೇ ತಮ್ಮನ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ವೈಜಿನಾಥ ಸಂಜೆಯ ಗಾಡಿಗೆ ಭಾಲ್ಕಿಗೆ ಹೋದ. ಕಾಲು ಬಾತು ಚಪ್ಪಲಿ ಬಿಗಿಯಾಗಿತ್ತು. ದಿನವಿಡೀ ನಿಲ್ಲುವುದರಿಂದ ಹೀಗೆ ಎಂದು ಅವನು ಬಹಳ ದಿನದಿಂದ ಅಂದುಕೊಳ್ಳುತ್ತ ಬಂದಿದ್ದ. ಮನೆ ಮುಂದೆ ಅವನ ಇಬ್ಬರು ಹೆಣ್ಣುಮಕ್ಕಳು ಟ್ಯಾಂಕರಿನ ನೀರು ಹಿಡಿಯುತ್ತಿದ್ದರು. ಹಿರಿಯವಳು ಕರೆದಳು. ಮತ್ತೆ ಕರೆದಳು. ಕೊನೆಗೆ ಹತ್ತಿರ ಬಂದು ಅಂಗಿ ಎಳೆದಳು.

“ಪಪ್ಪಾ, ಎಲ್ಲದ ನಿನ್ನ ಧ್ಯಾನ? ಆ ಔರಾದದವರಿಗಿ ಏನಾತು?”

“ಚಲೋ ಆತು. ತಮ್ಮ ಕೊಡ್ತಾನ.”

“ಮತ್ತ ಮಾರಿ ಯಾಕ ಹಿಂಗ ಮಾಡೀದಿ?”

“ದಣದೀನವ್ವಾ,” ಎಂದು ಅವಳ ಕೊಡ ಇಸಿದುಕೊಂಡ.

ಹೋಲಿಕೆಗೆ ಬೇರೆ ಚರ್ಮ ಸಿಗದೆ ಆ ಮೊದಲ ತುಂಡನ್ನು ತನ್ನದೇ ಎಡತೋಳಿನಿಂದ ತೆಗೆದಿದ್ದ ಎಂಬುದನ್ನು ಅವನು ಡಾಕ್ಟರಿಗೂ ಹೇಳಲಿಲ್ಲ, ಮನೆಯಲ್ಲೂ ಹೇಳಲಿಲ್ಲ.